ಚೊನ್ ಮನೆಯ ಮೂಗು

ಚೊನ್ ಮನೆತನದ ಗಂಡಸರಿಗೆ ದೇವರು ಎತ್ತರ ಕೊಟ್ಟಿದ್ದ, ಮೈಕಟ್ಟು ಕೊಟ್ಟಿದ್ದ, ಎರಡು ಸೀಸೆ ಸೋಜು ಇಳಿಸಿದರೂ ನೆಟ್ಟಗೆ ಮನೆ ಸೇರುವ ಕಾಲುಗಳನ್ನೂ ಕೊಟ್ಟಿದ್ದ. ಒಂದು ವಾಸನೆಯನ್ನು ಮಾತ್ರ ಕೊಡಲು ಮರೆತಿದ್ದ. ಬೀಜ ಒಡೆಸದ ಗಂಡುಹಂದಿಯ ಕೊಬ್ಬು ಕಾದಾಗ ಏಳುತ್ತದಲ್ಲ, ಆ ಗಬ್ಬು ಅವರ ಮೂಗಿಗೆ ತಾಗುತ್ತಲೇ ಇರಲಿಲ್ಲ. ಹೀಗೆ ಹುಟ್ಟಿದವರು ಲೋಕದಲ್ಲಿ ಎಷ್ಟೋ ಜನ ಇದ್ದಾರೆ, ಅವರಿಗೆ ಅದರಿಂದ ನಷ್ಟವೇನೂ ಇಲ್ಲ. ಆದರೆ ಚೊನ್ ಮನೆಯವರು ಮೂರು ತಲೆಮಾರಿನಿಂದ ನಡೆಸುತ್ತಿದ್ದುದು ಹಂದಿ ಸಾರು-ಅನ್ನದ ಹೋಟೆಲು, ಅದೂ ಮಿರ್ಯಾಂಗ್ ಪೇಟೆಯಲ್ಲಿ, ಹಂದಿ ಸಾರು ಎಂದರೆ ಊರಿಗೆ ಊರೇ ಪಂಡಿತರಾಗಿರುವ ಕಡೆ. ಕುರುಡ ಕನ್ನಡಿ ಮಾರಲು ಕೂತ ಹಾಗೆ.

ಆದರೂ ಹೋಟೆಲು ಬಾಳಿತು. ಬಾಳಿಸಿದವರು ಸೊಸೆಯಂದಿರು.

ಬೊಂಗ್ಜಾ ಆ ಮನೆಗೆ ಕಾಲಿಟ್ಟು ನಲವತ್ತನಾಲ್ಕು ವರ್ಷವಾಯಿತು. ಮದುವೆಯ ಮೂರನೆಯ ದಿನ ಬೆಳಿಗ್ಗೆ ಅತ್ತೆ ಅವಳನ್ನು ಅಡುಗೆಮನೆಗೆ ಕರೆದು, ಬಾಣಲೆ ಕಾಯಿಸಿ, ಒಂದು ಚೂರು ಕೊಬ್ಬು ಹಾಕಿ, ಹೊಗೆಯನ್ನು ಅವಳ ಮುಖಕ್ಕೆ ಬೀಸಿದ್ದಳು. ಏನು ವಾಸನೆ ಹೇಳು ಎಂದಳು. ಹೊಸ ಸೊಸೆಗೆ ಜೀವ ಬಾಯಿಗೆ ಬಂತು. ನಿಜ ಹೇಳಿದರೆ ಸೊಕ್ಕು ಅಂದಾರು, ಸುಳ್ಳು ಹೇಳಿದರೆ ದಡ್ಡಿ ಅಂದಾರು. ಕೊನೆಗೆ ಕಣ್ಣುಮುಚ್ಚಿ, "ಉಚ್ಚೆ ವಾಸನೆ ಅತ್ತೆ, ತಪ್ಪಾದ್ರೆ ಕ್ಷಮಿಸಿ" ಎಂದುಬಿಟ್ಟಳು. ಅತ್ತೆ ತೊಡೆ ತಟ್ಟಿಕೊಂಡು ನಕ್ಕು, "ಬಂತು ಕಣ್ರೋ, ಮನೆಗೆ ಮೂಗು ಬಂತು!" ಎಂದು ಕೂಗಿ ಗಂಡಸರನ್ನೆಲ್ಲ ಕರೆದಳು. ಅಂದಿನಿಂದ ಹಂಡೆಯ ಮುಂದಿನ ಜಾಗ ಬೊಂಗ್ಜಾಳದು.

ಒಂಬತ್ತು ಗಂಟೆಗೆ, ಬಾಗಿಲು ತೆರೆಯುವ ಮುಂಚೆ, ರುಚಿ ನೋಡುವುದು ಆ ಮನೆಯ ಕ್ರಮ. ಹಿರಿಯರು ಚಮಚ ಎತ್ತುವವರೆಗೆ ಕಿರಿಯರು ಎತ್ತುವ ಹಾಗಿಲ್ಲ. ಗಂಡ ಹೋದ ಮೇಲೆ ಮೊದಲ ಚಮಚ ಬೊಂಗ್ಜಾಳದು. ಅವಳು ಹೀರಿ, ಒಂದು ಕ್ಷಣ ಬಿಟ್ಟು, "ಸರಿಯಾಗಿದೆ" ಅನ್ನುತ್ತಿದ್ದಳು. ಆಮೇಲೆ ಮಗ ಜಿಂಗು, ಕೊನೆಗೆ ಸೊಸೆ ಸೊಹಿ. ಅವರೂ ಸರಿಯಾಗಿದೆ ಎನ್ನುತ್ತಿದ್ದರು. ಸರಿಯಿಲ್ಲದ ದಿನ ಬೊಂಗ್ಜಾ ಚಮಚ ಕೆಳಗಿಟ್ಟು ಹಂಡೆಯನ್ನೇ ಮೋರಿಗೆ ಸುರಿಯುತ್ತಿದ್ದಳು. ಪೇಟೆಯಲ್ಲಿ ಅವಳ ಮೂಗಿನ ಮೇಲೆ ಜನ ಆಣೆ ಇಡುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಆ ಮೂಗು ಸತ್ತುಹೋಯಿತು.

ಕೆಟ್ಟ ನೆಗಡಿ, ಹತ್ತು ದಿನ ಜ್ವರ. ಎದ್ದು ಓಡಾಡುವ ಹಾಗಾದ ವಾರದಲ್ಲೇ ಗಂಡನ ತಿಥಿ ಬಂತು. ಎಡೆಯ ಮುಂದೆ ಜಿಂಗು ಊದುಬತ್ತಿ ಹಚ್ಚಿದ. ಹೊಗೆ ಕಣ್ಣಿಗೆ ಕಾಣುತ್ತಿತ್ತು, ಮೂಗಿಗೆ ಏನೂ ಇಲ್ಲ. ಬೊಂಗ್ಜಾ ನಮಸ್ಕಾರ ಮಾಡುವ ನೆಪದಲ್ಲಿ ಇನ್ನಷ್ಟು ಬಗ್ಗಿ ಜೋರಾಗಿ ಉಸಿರೆಳೆದಳು. ಬಿಸಿ ಗಾಳಿ ಅಷ್ಟೆ. ಮರುದಿನ ಬೆಳ್ಳುಳ್ಳಿ ಜಜ್ಜಿ ನೋಡಿದಳು, ಎಳ್ಳೆಣ್ಣೆ ಸೀಸೆಯ ಮುಚ್ಚಳ ತೆಗೆದು ನೋಡಿದಳು. ನಾಲಗೆಗೆ ಉಪ್ಪು, ಹುಳಿ, ಖಾರ ತಿಳಿಯುತ್ತಿತ್ತು. ಮಿಕ್ಕಿದ್ದೆಲ್ಲ ಎತ್ತಿಕೊಂಡು ಹೋದ ಹಾಗೆ ಖಾಲಿ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎದುರು ಸಾಲಿನ ನೂಡಲ್ಸ್ ಅಂಗಡಿಯ ಮುದುಕಿಗೆ ಕೈ ನಡುಗಲು ಶುರುವಾದಾಗ ಮಕ್ಕಳು, "ಸಾಕು ಅಮ್ಮಾ, ಇಷ್ಟು ವರ್ಷ ದುಡಿದಿದ್ದು" ಎಂದು ತುಂಬ ಪ್ರೀತಿಯಿಂದ ಹನ್ನೊಂದನೆಯ ಮಹಡಿಯ ಮನೆಯಲ್ಲಿ ಟೀವಿಯ ಮುಂದೆ ಕೂರಿಸಿದ್ದರು. ಆಗಾಗ ಅವಳು ಬಾಲ್ಕನಿಯಲ್ಲಿ ನಿಂತು ಪೇಟೆಯ ಕಡೆ ನೋಡುತ್ತಿರುತ್ತಾಳೆ. ಜಿಂಗು ಒಳ್ಳೆಯ ಮಗ, ಅದೇ ಭಯ. ಒಳ್ಳೆಯ ಮಕ್ಕಳೇ ಹೀಗೆ ಮಾಡುವುದು. ಹಂಡೆಯ ಮುಂದಿನ ಆ ಎರಡು ಮೊಳ ಜಾಗ ಬಿಟ್ಟರೆ ಬೊಂಗ್ಜಾಗೆ ಲೋಕದಲ್ಲಿ ಬೇರೆ ಜಾಗವಿರಲಿಲ್ಲ.

ಅವಳು ಒಂದು ಉಪಾಯ ಕಂಡುಕೊಂಡಳು. ಎಂದಿನಂತೆ ಮೊದಲ ಚಮಚ ಹೀರಿ, ಎಂದಿನಂತೆ "ಸರಿಯಾಗಿದೆ" ಅನ್ನುವುದು. ಆಮೇಲೆ ಸೊಹಿಯ ಮುಖ ನೋಡುವುದು. ಜಿಂಗುವನ್ನು ನಂಬುವ ಹಾಗಿಲ್ಲ, ಅವನದು ಅಪ್ಪನ ಮೂಗು. ಸೊಹಿ ಹೊರಗಿನಿಂದ ಬಂದವಳು, ಹೊರಗಿನವರ ಮೂಗು. ಅವಳು ಸರಿಯಾಗಿದೆ ಅಂದರೆ ಸರಿಯಾಗಿದೆ ಎಂದೇ ಅರ್ಥ. ಸೊಹಿ ದಿನವೂ ತಲೆ ತಗ್ಗಿಸಿ, "ಹೌದು ಅತ್ತೆ, ಚೆನ್ನಾಗಿದೆ" ಅನ್ನುತ್ತಿದ್ದಳು. ಬೊಂಗ್ಜಾ ನಿಟ್ಟುಸಿರು ಬಿಟ್ಟು ಬಾಗಿಲ ಪರದೆ ಎತ್ತುತ್ತಿದ್ದಳು.

ವಸಂತದ ಹೊತ್ತಿಗೆ ಮಾಂಸ ಕೊಡುವ ಪ್ಯೋ ಹಳೆಯ ಫಾರಂ ಮುಚ್ಚಿತೆಂದು ಬೇರೊಂದು ಕಡೆಯಿಂದ ತರಿಸತೊಡಗಿದ. ಅದರಲ್ಲಿ ಬೀಜ ಒಡೆಸದ ಗಂಡುಹಂದಿಯೂ ಆಗಾಗ ಸೇರಿರುತ್ತಿತ್ತು. ಅವನೂ ಪಾಪ, ಮೋಸಗಾರನಲ್ಲ. ಅವನ ಮೂಗೂ ಚೊನ್ ಗಂಡಸರ ಜಾತಿಯದೇ.

ಅಲ್ಲಿಂದ ಹೋಟೆಲಿನಲ್ಲಿ ವಿಚಿತ್ರ ಶುರುವಾಯಿತು. ಒಂದೇ ಹಂಡೆಯ ಸಾರು, ಒಬ್ಬ ಬಟ್ಟಲು ನೆಕ್ಕುತ್ತಿದ್ದ, ಪಕ್ಕದವನು ಎರಡನೆಯ ಚಮಚಕ್ಕೆ ಕೈ ತೊಳೆಯುತ್ತಿದ್ದ. ಒಂದು ಸಂತೆಯ ದಿನ ಟ್ರಾಕ್ಟರ್ ಬಿಡಿಭಾಗ ಕೊಳ್ಳಲು ಬಂದ ಗಂಡಹೆಂಡಿರು ಮೂಲೆಯ ಮೇಜಿನಲ್ಲಿ ಕೂತು ಜಗಳಕ್ಕೇ ಬಿದ್ದರು.

"ಥೂ, ಇದೇನ್ರೀ ಇದು? ಬೆವರು ಬನಿಯನ್ನು ನೆನೆಸಿ ಕುದಿಸಿದ ಹಾಗಿದೆ!"

"ನಿಂದೊಂದು ಗೋಳು. ಅಮೃತದ ಹಾಗಿದೆ, ಉಣ್ಣು ಸುಮ್ನೆ."

"ನಿಮ್ಮ ಬನಿಯನ್ನು ಒಗೆಯೋಳು ನಾನು. ನನಗೆ ಗೊತ್ತಿಲ್ವಾ ಆ ವಾಸನೆ?"

"ಹಾಗಾದ್ರೆ ನಿನ್ನ ಪಾಲೂ ಇತ್ತ ತಳ್ಳು."

ಸುತ್ತಲಿದ್ದವರು ನಕ್ಕರು. ಬೊಂಗ್ಜಾ ನಗಲಿಲ್ಲ. ಒಳಗೆ ಹೋಗಿ ಹಂಡೆಯ ಮೇಲೆ ಬಗ್ಗಿ, ಮುಖ ಸುಡುವಷ್ಟು ಹತ್ತಿರ ಹೋಗಿ ಉಸಿರೆಳೆದಳು. ಹಬೆ, ಬರೀ ಹಬೆ. ಬೆಳಿಗ್ಗೆ ಸೊಹಿ ಚೆನ್ನಾಗಿದೆ ಅಂದಿದ್ದಳಲ್ಲ, ಆ ಹೆಂಗಸಿನದೇ ಅತಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಒಣಮೀನು ಮಾರುವ ಪಿಲ್ಸುನ್ ಚಮಚ ಕೆಳಗಿಟ್ಟ ದಿನ ಮಾತ್ರ ಆ ಸಮಾಧಾನ ನಿಲ್ಲಲಿಲ್ಲ. ಮೂವತ್ತು ವರ್ಷದಿಂದ ದಿನಾ ಮಧ್ಯಾಹ್ನ ಅದೇ ಸ್ಟೂಲಿನ ಮೇಲೆ ಕೂತು ಉಂಡವಳು ಅವಳು. ಬೊಂಗ್ಜಾಗಿಂತ ಮೂರು ವರ್ಷ ದೊಡ್ಡವಳು, ಬಾಯಿ ಇನ್ನೂ ದೊಡ್ಡದು.

"ಯಾಕಕ್ಕ, ಸೇರ್ಲಿಲ್ವಾ?"

"ಹಲ್ಲು ಸೆಟ್ಟು ಸಡಿಲ ಆಗಿದೆ ಕಣೇ. ನಾಳೆ ತಿಂತೀನಿ ಬಿಡು."

ಸಾರು ಕುಡಿಯಲು ಹಲ್ಲು ಯಾಕೆ ಬೇಕು? ಬೊಂಗ್ಜಾ ಕೇಳಲಿಲ್ಲ. ಪಿಲ್ಸುನ್ ಕೂಡ ಬೀದಿಯ ಬೇರೆ ಯಾರಿಗಾದರೂ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದವಳು, ಅಂದು ಬೊಂಗ್ಜಾಳ ಬತ್ತಿದ ಮುಖ ನೋಡಿ ಸುಮ್ಮನೆ ಎದ್ದುಹೋದಳು. ಅಷ್ಟೇ ಅಲ್ಲ, ಮುಂದಿನ ತಿಂಗಳು ತನ್ನ ಎಪ್ಪತ್ತರ ಹುಟ್ಟುಹಬ್ಬದ ಊಟ ಇಲ್ಲೇ ಎಂದು ಸಾರಿಬಿಟ್ಟಳು. ಮಕ್ಕಳು ದೊಡ್ಡ ಹೋಟೆಲಿನಲ್ಲಿ ಇಟ್ಟುಕೊಳ್ಳೋಣ ಎಂದು ಬೇಡಿಕೊಂಡರೂ ಕೇಳಲಿಲ್ಲ. ಐವತ್ತು ಜನ, ಒಂದು ಗಂಟೆಗೆ, ಹಂದಿ ಸಾರು-ಅನ್ನ.

ಆ ನಡುವೆ ಮನೆಯಲ್ಲಿ ಒಂದು ರಗಳೆ ನಡೆಯಿತು. ಮೂರು ವರ್ಷ ಹುದುಗಿಸಿದ ಸೋಯಾ ಕಾಳಿನ ಗೊಜ್ಜು, ದ್ವೆಂಜಾಂಗ್, ಜಾಡಿಯಲ್ಲಿ ಇದ್ದಕ್ಕಿದ್ದ ಹಾಗೆ ತಳ ಕಾಣತೊಡಗಿತು. ಕದ್ದು ನೋಡಿದರೆ ಸೊಹಿ. ಮಾಂಸ ಮೊದಲ ಕುದಿ ಬರುವಾಗ ಅತ್ತ ಇತ್ತ ನೋಡಿ, ಸೌಟುಗಟ್ಟಲೆ ಗೊಜ್ಜು, ಹಿಡಿಗಟ್ಟಲೆ ಶುಂಠಿ ಸುರಿಯುತ್ತಿದ್ದಾಳೆ.

"ನನ್ನ ಸಾರಿಗೆ ಮದ್ದು ಹಾಕ್ತಿದೀಯೇನೇ? ನಲವತ್ತು ವರ್ಷ ಈ ಊರು ತಿಂದಿದ್ದು ಏನು, ಕಲಗಚ್ಚಾ?"

"ಇಲ್ಲ ಅತ್ತೆ... ತಪ್ಪಾಯ್ತು ಅತ್ತೆ."

"ತಪ್ಪು ಅಂದ್ಬಿಟ್ರೆ ಮುಗೀತಾ? ಹೇಳು, ಯಾಕೆ ಹಾಕ್ದೆ?"

ಸೊಹಿ ಕಣ್ಣು ತುಂಬಿಕೊಂಡು ಈರುಳ್ಳಿ ಸೊಪ್ಪು ತೊಳೆಯಲು ಕೂತಳು. ಊಟದ ಹೊತ್ತಿಗೆ ಅವಳು ಸಾರು ಬಿಟ್ಟು ಬರೀ ಅನ್ನ, ಕಿಮ್ಚಿ ಉಪ್ಪಿನಕಾಯಿ ತಿನ್ನುವುದನ್ನೂ ಬೊಂಗ್ಜಾ ಗಮನಿಸಿದಳು. ಪಟ್ಟಣದಲ್ಲಿ ಬೆಳೆದ ಹುಡುಗಿ, ಹಂದಿ ಸಾರು ಅವಳ ಅಂತಸ್ತಿಗೆ ಕಮ್ಮಿಯಾಗಿರಬೇಕು ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ಆಮೇಲೆ ಅವಳು ಎಷ್ಟು ನೊಂದಳೋ ಅವಳಿಗೇ ಗೊತ್ತು.

ಪಿಲ್ಸುನಳ ಎಪ್ಪತ್ತರ ದಿನ ಬಂತು. ಮೂಳೆ ನಸುಕಿನಿಂದಲೇ ಕುದಿಯುತ್ತಿತ್ತು. ಒಂಬತ್ತಕ್ಕೆ ಐದು ನಿಮಿಷ ಇರುವಾಗ ಬೊಂಗ್ಜಾ ಮೊಳೆಗೆ ತೂಗುಹಾಕಿದ್ದ ಏಪ್ರನ್ ಎಳೆದಳು. ಅದು ಸೊಹಿಯದು. ಜೇಬಿನಿಂದ ಔಷಧಿಯ ಲಕೋಟೆಯೊಂದು ಜಾರಿಬಿತ್ತು. ಮೇಲೆ ದಪ್ಪ ಅಕ್ಷರದಲ್ಲಿ ಕಿವಿ, ಮೂಗು, ಗಂಟಲು ಆಸ್ಪತ್ರೆ ಎಂದಿತ್ತು.

ಬೊಂಗ್ಜಾ ಅದನ್ನು ಎತ್ತಿಕೊಂಡಳು. ಇವಳ ಮೂಗೂ ಹೋಗಿದೆಯೇ? ಹಾಗಾದರೆ ಇಷ್ಟು ದಿನ ಈ ಸಾರನ್ನು ಮೂಸಿದವರು ಯಾರು?

"ಸೊಹೀ, ಬಾ ಇಲ್ಲಿ. ಇದೇನಿದು? ನಿನ್ನ ಮೂಗಿಗೆ ಏನಾಗಿದೆ?"

ಸೊಹಿಯ ಮುಖ ಬಿಳಿಚಿತು. "ಏನೂ ಆಗಿಲ್ಲ ಅಂದ್ರು ಅತ್ತೆ. ಬರೀ ಉಪ್ಪುನೀರು ಕೊಟ್ರು, ತೊಳ್ಕೊಳ್ಳೋಕೆ."

"ಏನೂ ಆಗದೆ ಯಾರಾದ್ರೂ ಆಸ್ಪತ್ರೆಗೆ ಹೋಗ್ತಾರಾ?"

"ನಾನು... ನನ್ನ ಮೂಗೇ ಕೆಟ್ಟಿದೆ ಅನ್ಕೊಂಡೆ." ಹುಡುಗಿಯ ದನಿ ಇಳಿಯಿತು. "ವಸಂತದಿಂದ ಸಾರು ನನಗೆ ನಾರುತ್ತೆ ಅತ್ತೆ. ದಿನಾ ಅಲ್ಲ, ಮೂರು ದಿನಕ್ಕೊಂದ್ಸಲ. ಉಚ್ಚೆ ಹಾಗೆ. ಗಂಟ್ಲಲ್ಲಿ ಇಳಿಯಲ್ಲ. ಆದ್ರೆ ನೀವು ಸರಿಯಾಗಿದೆ ಅಂತೀರಿ. ನಿಮ್ಮ ಮೂಗು ಅಂದ್ರೆ ಊರಿಗೆಲ್ಲ ಗೊತ್ತು. ನಿಮಗೆ ಬರದ ವಾಸನೆ ನನಗೆ ಬರುತ್ತೆ ಅಂದ್ರೆ ನನ್ನಲ್ಲೇ ಏನೋ ಐಬು ಇರ್ಬೇಕಲ್ವಾ? ಡಾಕ್ಟ್ರು ನಕ್ರು. ಕೆಲವರಿಗೆ ಆ ವಾಸನೆ ಹುಟ್ಟಿದಾಗಿಂದ ಬರಲ್ಲ, ನಿಮಗೆ ಬರುತ್ತೆ, ಚೆನ್ನಾಗೇ ಇದೆ ಮೂಗು, ಹೋಗಿ ಅಂದ್ರು. ಅದಕ್ಕೇ ಏನ್ ಮಾಡೋದು ತಿಳೀದೆ, ಗಬ್ಬು ಮುಚ್ಚೋಕೆ ಗೊಜ್ಜು ಹಾಕ್ದೆ."

ಬೊಂಗ್ಜಾ ಸ್ಟೂಲು ಎಳೆದುಕೊಂಡು ಕೂತಳು. ಇವಳು ನನ್ನ ಬಾಯಿ ನೋಡುತ್ತಿದ್ದಳು, ನಾನು ಇವಳ ಬಾಯಿ ನೋಡುತ್ತಿದ್ದೆ. ಇಬ್ಬರೂ ಸೇರಿ ಊರಿಗೆ ಗಬ್ಬು ಬಡಿಸಿದೆವು. ಮೂಗಿಲ್ಲದವಳು ಮಹಾರಾಣಿಯ ಹಾಗೆ ಚಮಚ ಎತ್ತುತ್ತಿದ್ದಳು, ಮೂಗಿದ್ದವಳು ಆಸ್ಪತ್ರೆಯ ಸರತಿಯಲ್ಲಿ ನಿಂತಿದ್ದಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

"ಇವತ್ತಿಂದು?" ಎಂದಳು ಮೆಲ್ಲಗೆ.

ಸೊಹಿ ಉತ್ತರ ಕೊಡುವಷ್ಟರಲ್ಲಿ ಜಿಂಗು ಕೈ ಒರೆಸಿಕೊಳ್ಳುತ್ತ ಒಳಗೆ ಬಂದ. "ಬನ್ನಿ ಅಮ್ಮಾ, ರುಚಿ ನೋಡ್ಬಿಡೋಣ. ಇವತ್ತು ಐವತ್ತು ಬಟ್ಟಲು."

ಮೂವರೂ ಹಂಡೆಯ ಮುಂದೆ ನಿಂತರು. ಬೊಂಗ್ಜಾಳ ಕೈಯಲ್ಲಿ ಚಮಚವಿತ್ತು. ಸರಿಯಾಗಿದೆ ಎಂಬ ಒಂದು ಮಾತು ಸಾಕಿತ್ತು. ಸೊಹಿ ಬಾಯಿ ಬಿಡುವವಳಲ್ಲ. ಪಿಲ್ಸುನ್ ಮೂಗು ಹಿಡಿದುಕೊಂಡಾದರೂ ನುಂಗುತ್ತಾಳೆ. ನಾಳೆ ಗುಟ್ಟಾಗಿ ಪ್ಯೋಗೆ ಹೇಳಿ ಮಾಂಸ ಬದಲಿಸಿದರೆ ಯಾರಿಗೂ ಏನೂ ತಿಳಿಯದು, ಹಂಡೆಯ ಮುಂದಿನ ಜಾಗವೂ ಉಳಿಯುತ್ತದೆ. ಇದೆಲ್ಲ ಅವಳಿಗೆ ಆ ಕ್ಷಣದಲ್ಲಿ ಹೊಳೆಯಿತು. ಅವಳೇನು ದೇವತೆಯಲ್ಲ. ಆದರೆ ಪಕ್ಕದಲ್ಲಿ ಸೊಸೆ ತಲೆ ತಗ್ಗಿಸಿ, ತನ್ನದಲ್ಲದ ಐಬನ್ನು ತನ್ನದೆಂದು ಹೊತ್ತು ನಿಂತಿದ್ದಳು.

ಬೊಂಗ್ಜಾ ಚಮಚವನ್ನು ಸೊಹಿಯ ಕೈಗಿಟ್ಟಳು.

"ಮೊದಲು ನೀನು."

"ಅಯ್ಯೋ, ನೀವಿರುವಾಗ ನಾನು ಹೇಗೆ..."

"ಇದೇನಮ್ಮಾ ಹೊಸ ಆಟ?" ಜಿಂಗು ನಕ್ಕ.

"ಆಟ ಅಲ್ವೋ. ನಾನು ಕುಡಿದ್ರೂ ಒಂದೇ, ಬಿಟ್ರೂ ಒಂದೇ. ನಿಮ್ಮಪ್ಪನ ತಿಥಿ ದಿನದಿಂದ ನನ್ನ ಮೂಗಿಗೆ ಏನೂ ಬರ್ತಿಲ್ಲ. ಊದುಬತ್ತೀನೂ ಇಲ್ಲ, ಸಾರೂ ಇಲ್ಲ. ಐದು ತಿಂಗಳಿಂದ ನಾನು ಹೇಳಿದ್ದು ಬರೀ ಸುಳ್ಳು." ಅವಳು ಸೊಸೆಯ ಕಡೆ ತಿರುಗಿದಳು. "ನಿನ್ನ ಮೂಗಿಗೆ ಏನೂ ಆಗಿಲ್ಲ ಕಣೇ ಮಗೂ. ನೋಡಿ ಹೇಳು, ಇದ್ದದ್ದು ಇದ್ದ ಹಾಗೆ."

ಜಿಂಗುವಿನ ನಗು ಮುಖದಲ್ಲೇ ಒಣಗಿತು. ಸೊಹಿ ಒಂದು ಚಮಚ ಕುಡಿದು ಮುಖ ಕಿವಿಚಿದಳು. ಅವಳು ಏನೂ ಹೇಳಬೇಕಾಗಿರಲಿಲ್ಲ. ಆದರೂ ಹೇಳಿದಳು, ಮೊದಲ ಸಲ ಅತ್ತೆಯ ಕಣ್ಣಲ್ಲಿ ಕಣ್ಣಿಟ್ಟು. "ನಾರ್ತಿದೆ ಅತ್ತೆ. ಜೋರಾಗಿ ನಾರ್ತಿದೆ."

"ಸುರಿ ಹಾಗಾದ್ರೆ."

"ಅಮ್ಮಾ! ಊಟಕ್ಕೆ ಇನ್ನು ನಾಲ್ಕೇ ಗಂಟೆ ಇದೆ! ನನಗೇನೂ ಬರ್ತಾನೇ ಇಲ್ವಲ್ಲ ವಾಸನೆ!"

"ನಿನಗೆ ಬಂದಿದ್ರೆ ನಾವ್ಯಾಕೆ ಬೇಕಾಗಿತ್ತೋ ಈ ಮನೆಗೆ? ಹಿಡಿ, ಹಂಡೆಯ ಆ ಕಡೆ ಕಿವಿ."

ಹಂಡೆ ಮೋರಿಗೆ ಹೋಯಿತು. ಕರೆ ಹೋದದ್ದೇ ಪ್ಯೋ ಬೇರೆ ಮಾಂಸ ಹೇರಿಕೊಂಡು ಮೋಟಾರು ಗಾಡಿಯಲ್ಲಿ ಓಡೋಡಿ ಬಂದ. ಸೊಹಿ ಒಂದೊಂದು ತುಂಡಿನಿಂದಲೂ ಚೂರು ಕೊಬ್ಬು ಕೊಯ್ದು ಬಾಣಲೆಗೆ ಹಾಕಿ ಮೂಸಿದಳು. ಮೊದಲನೆಯದು ಬೇಡ. ಎರಡನೆಯದೂ ಬೇಡ.

"ಏನು ತಾಯಿ, ಹಂದಿಗೆ ಹೆಣ್ಣು ನೋಡ್ತಿದೀರೋ ಏನ್ ಕತೆ?" ಎಂದು ಪ್ಯೋ ಗೊಣಗಿದ.

"ಸುಮ್ನಿರಪ್ಪ, ಅವಳು ಹೇಳಿದ್ದೇ ಕೊನೆ" ಎಂದಳು ಬೊಂಗ್ಜಾ.

ಮೂರನೆಯ ಸಲ ತಂದದ್ದನ್ನು ಸೊಹಿ ಒಪ್ಪಿದಳು. ಆಮೇಲೆ ಮೂರು ಗಂಟೆ ಬೊಂಗ್ಜಾ ಹಂಡೆಯ ಪಕ್ಕ ಬಿಟ್ಟು ಕದಲಲಿಲ್ಲ. ಯಾವಾಗ ಉರಿ ಏರಿಸಬೇಕು, ಯಾವಾಗ ನೊರೆ ತೆಗೆಯಬೇಕು, ಯಾವ ಹೊತ್ತಿಗೆ ತಲೆಯ ಮಾಂಸ ಎತ್ತಿ ಕೊಯ್ಯಬೇಕು ಎಂಬುದಕ್ಕೆ ಮೂಗು ಬೇಕಿರಲಿಲ್ಲ, ಕಣ್ಣು, ಕಿವಿ, ಅಂಗೈ ಸಾಕಿತ್ತು. ಜಿಂಗು ಸೊಪ್ಪು ಹೆಚ್ಚುತ್ತ ನಡುನಡುವೆ ಅಮ್ಮನ ಕಡೆ ನೋಡುತ್ತಿದ್ದ. ಕೊನೆಗೆ ಅವಳು ಹೆದರಿದ್ದ ಮಾತು ಬಂದೇ ಬಂತು.

"ಇಷ್ಟು ದಿನ ಒಬ್ರೇ ನುಂಗ್ಕೊಂಡು... ಸಾಕಮ್ಮಾ. ಇನ್ನು ಮನೇಲಿ ಆರಾಮಾಗಿರಿ ನೀವು."

ಬೊಂಗ್ಜಾಳ ಸೌಟು ನಿಂತಿತು. ಉತ್ತರ ಕೊಟ್ಟವಳು ಸೊಹಿ, ಬಾಣಲೆ ತಿಕ್ಕುತ್ತ, ತಲೆ ಎತ್ತದೆ.

"ಅತ್ತೆ ಮನೇಲಿ ಕೂತ್ರೆ ಇಲ್ಲಿ ಉರಿ ನೋಡೋರು ಯಾರು, ನೀವಾ? ಮೊನ್ನೆ ಅನ್ನಾನೇ ಸೀಸಿದ್ರಿ. ಮೂಸೋಕೆ ನಾನಿದೀನಿ. ಮಿಕ್ಕಿದ್ದು ನನಗೆ ಬರಲ್ಲ, ನಿಮಗಂತೂ ಬರಲ್ಲ."

ಮದುವೆಯಾದ ಮೂರು ವರ್ಷದಲ್ಲಿ ಆ ಹುಡುಗಿ ಗಂಡನ ಮುಂದೆ ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ಜಿಂಗು ಮತ್ತೆ ಸೊಪ್ಪು ಹೆಚ್ಚಲು ತಿರುಗಿದ.

ಒಂದು ಗಂಟೆಗೆ ಪೇಟೆಯೇ ಒಳಗೆ ನುಗ್ಗಿತು. ಸಾರು ಎಂದಿಗಿಂತ ಕೊಂಚ ತೆಳ್ಳಗಿತ್ತು. ಪಿಲ್ಸುನ್ ಹೊಸ ರೇಷ್ಮೆ ಅಂಗಿ ತೊಟ್ಟು, ಯುದ್ಧಕ್ಕೆ ಹೊರಟವಳ ಹಾಗೆ ಉಸಿರು ಬಿಗಿಹಿಡಿದು ಮೊದಲ ಚಮಚ ನುಂಗಿದಳು. ನುಂಗಿ, ಹುಬ್ಬೇರಿಸಿ, ಬಟ್ಟಲನ್ನೇ ಎರಡು ಕೈಯಲ್ಲಿ ಎತ್ತಿದಳು.

"ಲೇ ಬೊಂಗ್ಜಾ! ಮೂಗಿಗೆ ಹತ್ತಿ ತುರುಕ್ಕೊಂಡು ಬರೋಣ ಅಂತಿದ್ದೆ ಕಣೇ, ನಿಜ ಹೇಳ್ತೀನಿ!"

"ಹಾಗಾದ್ರೆ ಅವತ್ತೇ ಯಾಕಕ್ಕ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ? ನಿನ್ನ ಮುಖ ನೋಡ್ಕೊಂಡಿದ್ಯಾ ನೀನು? ಇನ್ನೊಂದು ಬಟ್ಟಲು ಹಾಕು ಈಗ."

ಮೂರೂವರೆಗೆ ಹೋಟೆಲು ಖಾಲಿಯಾಯಿತು. ಅತ್ತೆ ಸೊಸೆ ಹಂಡೆಯ ತಳದಲ್ಲಿ ಉಳಿದಿದ್ದನ್ನು ಎರಡು ಬಟ್ಟಲಿಗೆ ಬಗ್ಗಿಸಿಕೊಂಡು, ಕೊಳೆ ಮೇಜಿನ ಮುಂದೆ ಎದುರುಬದುರು ಕೂತರು. ವಸಂತ ಬಂದ ಮೇಲೆ ಸೊಹಿ ಸಾರು ಹಾಕಿಕೊಂಡು ಕೂತದ್ದು ಇದೇ ಮೊದಲು. ಬೊಂಗ್ಜಾ ಬಟ್ಟಲ ಹಬೆ ನೋಡುತ್ತ ಕೇಳಿದಳು.

"ಒಂದು ಹೇಳು. ವಾಸನೆ ಹೇಗಿದೆ?"

"ಚೆನ್ನಾಗಿದೆ ಅತ್ತೆ. ಒಂಚೂರೂ ನಾರ್ತಿಲ್ಲ."

"ಏನಿಲ್ಲ ಅಂತ ಕೇಳ್ಲಿಲ್ಲ ಕಣೇ. ಏನಿದೆ ಅಂತ ಕೇಳ್ದೆ. ನನ್ನ ಸಾರಿನ ವಾಸನೆ ನನಗೇ ಮರ್ತು ಹೋಗ್ತಿದೆ."

ಸೊಹಿ ಬಟ್ಟಲ ಮೇಲೆ ಬಗ್ಗಿ ಕಣ್ಣು ಮುಚ್ಚಿದಳು. "ಹೇಗೆ ಹೇಳ್ಲಿ... ನಮ್ಮಮ್ಮ ತೀರ್ಕೊಂಡಾಗ ನೀವು ಆಸ್ಪತ್ರೆಗೆ ಓಡಿ ಬಂದ್ರಲ್ಲ, ಏಪ್ರನ್ ಕೂಡ ಬಿಚ್ಚದೆ. ಬಂದವರೇ ನನ್ನ ತಬ್ಕೊಂಡ್ರಿ. ಅವತ್ತು ನಿಮ್ಮ ಮೈಯಿಂದ ಬರ್ತಿತ್ತಲ್ಲ, ಅದೇ ವಾಸನೆ."

"ಅಂದ್ರೆ ನಾನು ಹಂದಿ ಸಾರು ನಾರ್ತೀನಿ ಅಂತೀಯಾ?"

"ಹೂಂ ಅತ್ತೆ. ಅವತ್ತಿಂದ ಆ ವಾಸನೆ ಬಂದ್ರೆ ನನಗೆ ಅಮ್ಮ ಇದ್ದಾಳೆ ಅನ್ಸುತ್ತೆ. ಅದಕ್ಕೇ ಸಾರು ನಾರಿದಾಗ ಅಷ್ಟು ಹೆದರಿಕೆ ಆಗಿದ್ದು."

ಬೊಂಗ್ಜಾ ಏನೋ ತಮಾಷೆ ಮಾಡಲು ಹೋದಳು, ಆಗಲಿಲ್ಲ. ಕಣ್ಣೀರು ಬಟ್ಟಲಿಗೇ ಬಿತ್ತು. ಅವಳಿಗೆ ದುಃಖವೂ ಆಗಿತ್ತು, ಇಂಥ ಹುಡುಗಿಯ ಮೇಲೆ ಕೂಗಾಡಿದೆನಲ್ಲ ಎಂಬ ಸಂಕಟವೂ ಇತ್ತು, ಎಲ್ಲಕ್ಕಿಂತ ಹೆಚ್ಚಾಗಿ ಎಷ್ಟೋ ತಿಂಗಳ ಮೇಲೆ ಹಸಿವಾಗಿತ್ತು. ಒಂದು ಚಮಚ ಬಾಯಿಗಿಟ್ಟಳು. ಉಪ್ಪು, ಬಿಸಿ.

"ಇನ್ನೇನಿದೆ?"

"ಶುಂಠಿ ಇದೆ. ಸ್ವಲ್ಪ ತಡವಾಗಿ ಬರುತ್ತೆ."

"ತಡವಾಗೇ ಬರ್ಬೇಕು. ಆಮೇಲೆ?"

"ಆಮೇಲೆ ಮೂಳೆ ಒಳಗಿನ ಒಂಥರಾ ಸಿಹಿ. ಸುಟ್ಟ ಗೆಣಸಿನ ಸಿಪ್ಪೆ ಬಿಚ್ಚಿದಾಗ ಬರುತ್ತಲ್ಲ, ಹಾಗೆ."

"ಹೂಂ, ಹೌದು, ಹಾಗೇ ಇತ್ತು. ಆಮೇಲೆ?"

ಬಟ್ಟಲು ಖಾಲಿಯಾಗುವವರೆಗೂ ಅವಳು ಕೇಳುತ್ತಲೇ ಇದ್ದಳು, ಸೊಹಿ ತನ್ನ ಸಾರು ಆರುವುದನ್ನೂ ಮರೆತು ಹೇಳುತ್ತಿದ್ದಳು.